ಬಿಡುವಿಲ್ಲದ ಮನೆಯಲ್ಲಿ ಮಕ್ಕಳ ಭಕ್ತಿ: ಹೊಸ ಸಮಯ ಬೇಡ, ಇರುವ ದಿನವೇ ಸಾಕು

ನಾಶಿಕ ಜಿಲ್ಲೆಯ ಉತ್ತರ ಭಾಗದಲ್ಲಿರುವ ಸಟಾಣಾ ದ್ರಾಕ್ಷಿ, ದಾಳಿಂಬೆ, ಈರುಳ್ಳಿಯ ಊರು. ದ್ರಾಕ್ಷಿ ಬಳ್ಳಿ ಸವರುವುದು ಮುಗಿಯುವಷ್ಟರಲ್ಲಿ ಈರುಳ್ಳಿ ಸಸಿ ನಾಟಿ, ಅದರ ಹಿಂದೆಯೇ ಕೀಳುವುದು, ಒಣಗಿಸುವುದು, ಮಾರುಕಟ್ಟೆಗೆ ಸಾಗಿಸುವುದು. ಅಂಥ ಊರಿನ ಮನೆಯಲ್ಲಿ ಅಪ್ಪ ಅಮ್ಮ ಕತ್ತಲಾದ ಮೇಲೆ ಹೊಲದಿಂದ ಬರುತ್ತಾರೆ. ಮಕ್ಕಳು ಅಷ್ಟರಲ್ಲಿ ಅರ್ಧ ನಿದ್ದೆಯಲ್ಲಿರುತ್ತಾರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಂಜೆ ಕಳೆದುಕೊಂಡು ಮನೆ ಸೇರುವ ದಂಪತಿಯದೂ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುವ ಮಂಗಳೂರಿನ ನರ್ಸ್ ತಾಯಿಯದೂ ಇದೇ ಪಾಡು. ಇವರಲ್ಲಿ ಕ್ರೈಸ್ತ ಕುಟುಂಬಗಳಾಗಿರುವವರನ್ನು ಕಾಡುವ ಪ್ರಶ್ನೆ ಒಂದು: ಚಿಕ್ಕ ಮಕ್ಕಳಿಗೆ ಪ್ರಾರ್ಥನೆ, ಸತ್ಯವೇದ, ವಿಶ್ವಾಸದ ನಡೆನುಡಿ ಕಲಿಸಲು ಹೊತ್ತು ಎಲ್ಲಿಂದ ತರುವುದು? ಸಭಾಪಾಲಕರು ಕುಟುಂಬ ಪ್ರಾರ್ಥನೆ ಬಿಡಬೇಡಿ ಎನ್ನುತ್ತಾರೆ, ಫಾದರ್ ಜಪಸರ ನೆನಪಿಸುತ್ತಾರೆ. ಒಪ್ಪಿಕೊಂಡು ಬಂದವರು ಎರಡು ದಿನ ನಡೆಸಿ ಮೂರನೆಯ ದಿನ ಸೋಲುತ್ತಾರೆ. ಆಮೇಲೆ ಉಳಿಯುವುದು ತಪ್ಪಿತಸ್ಥ ಭಾವ ಮಾತ್ರ.

ಈ ಸೋಲಿಗೆ ಭಕ್ತಿಯ ಕೊರತೆ ಕಾರಣವಲ್ಲ. ಭಕ್ತಿಗೆಂದು ದಿನದಲ್ಲಿ ಒಂದು ಹೊಸ ಗಂಟೆ ಹುಡುಕಬೇಕು ಎಂಬ ಎಣಿಕೆಯೇ ತಪ್ಪು. ತುಂಬಿದ ದಿನದಲ್ಲಿ ಹೊಸ ಗಂಟೆ ಸಿಗುವುದಿಲ್ಲ. ಆದರೆ ಏಳುವುದು, ಉಣ್ಣುವುದು, ಹೊರಡುವುದು, ಮಲಗುವುದು ಯಾವ ಮನೆಯಲ್ಲೂ ತಪ್ಪುವುದಿಲ್ಲ. ಮಕ್ಕಳ ವಿಶ್ವಾಸವನ್ನು ಕಟ್ಟಬೇಕಾದದ್ದು ಈ ತಪ್ಪದ ಹೊತ್ತುಗಳಿಗೆ. ಇದು ಹೊಸ ಉಪಾಯವೇನೂ ಅಲ್ಲ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ದೇವರ ಮಾತನ್ನು ಮಕ್ಕಳಿಗೆ ಯಾವಾಗ ಹೇಳಬೇಕೆಂಬ ಅಪ್ಪಣೆಯಿದೆ: ಮನೆಯಲ್ಲಿ ಕುಳಿತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಆ ಪಟ್ಟಿಯಲ್ಲಿ ಪಾಠಕ್ಕೆಂದೇ ಮೀಸಲಾದ ಹೊತ್ತು ಒಂದೂ ಇಲ್ಲ. ಕುರಿ ಕಾಯುವ, ಹೊಲ ಉಳುವ ಜನಕ್ಕೆ ಹೇಳಿದ ಮಾತದು, ಅವರಿಗೂ ಬಿಡುವಿರಲಿಲ್ಲ.

ನಾಶಿಕ ಕೊಡುವ ಎರಡು ಉದಾಹರಣೆಗಳು

ಕ್ರೈಸ್ತ ಮಕ್ಕಳನ್ನು ಬೆಳೆಸಿದ ಎರಡು ಬಗೆಯ ಅನುಭವ ನಾಶಿಕದ ಚರಿತ್ರೆಯಲ್ಲೇ ಸಿಗುತ್ತದೆ. ಒಂದು ಶರಣಪುರದ್ದು. ಚರ್ಚ್ ಮಿಷನರಿ ಸೊಸೈಟಿಯ ವಿಲಿಯಂ ಸಾಲ್ಟರ್ ಪ್ರೈಸ್ 1850ರ ದಶಕದಲ್ಲಿ ನಾಶಿಕದ ಅಂಚಿನಲ್ಲಿ ಕಟ್ಟಿದ ಕ್ರೈಸ್ತ ಊರು ಅದು. ಹಿಂದೂ ಮಹಾಸಾಗರದಲ್ಲಿ ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕಾದ ಮಕ್ಕಳೂ ಅಲ್ಲಿ ಬೆಳೆದರು. ಓದಿನ ಜೊತೆ ಬಡಗಿತನ, ಕಮ್ಮಾರಿಕೆ ಕಲಿತರು. ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ನಡುನಾಡಿನಲ್ಲಿ ತೀರಿಕೊಂಡಾಗ ಅವನ ದೇಹದೊಂದಿಗೆ 1874ರಲ್ಲಿ ಇಂಗ್ಲೆಂಡಿನವರೆಗೆ ಹೋದ ಜೇಕಬ್ ವೇನ್‌ರೈಟ್ ನಾಶಿಕದಲ್ಲಿ ಕಲಿತ ಹುಡುಗ. ಸಂಸ್ಥೆಯೊಂದು ಮಕ್ಕಳಿಗಾಗಿ ಎಷ್ಟು ಮಾಡಬಲ್ಲದು ಎಂಬುದಕ್ಕೆ ಶರಣಪುರ ಒಳ್ಳೆಯ ಸಾಕ್ಷಿ. ಆದರೆ ಆ ಆಫ್ರಿಕನ್ ಮಕ್ಕಳಿಗೆ ಮನೆಯೇ ಇರಲಿಲ್ಲ, ಅದನ್ನು ಕಸಿದುಕೊಳ್ಳಲಾಗಿತ್ತು. ಮನೆ ಇಲ್ಲದ ಕಡೆ ಸಂಸ್ಥೆ ನಿಂತಿತು. ಇವತ್ತು ಮನೆಯೂ ಇದೆ, ತಂದೆತಾಯಿಯೂ ಇದ್ದಾರೆ. ಆದರೂ ಆ ಕೆಲಸವನ್ನು ಸಂಡೇ ಸ್ಕೂಲಿಗೂ ಬೇಸಿಗೆ ರಜೆಯ ಬೈಬಲ್ ಶಾಲೆಗೂ (ವಿಬಿಎಸ್) ಒಪ್ಪಿಸಿ ಸುಮ್ಮನಾಗುತ್ತಿದ್ದೇವೆ.

ಎರಡನೆಯದು ಲಕ್ಷ್ಮೀಬಾಯಿ ಟಿಳಕರ ಮನೆ. ನಾಶಿಕದ ಸೀಮೆಯಲ್ಲಿ ಹುಟ್ಟಿ ಬೆಳೆದ ಲಕ್ಷ್ಮೀಬಾಯಿ, ಮರಾಠಿಯಲ್ಲಿ ಹೂವು ಮತ್ತು ಮಕ್ಕಳ ಕವಿಯೆಂದೇ ಹೆಸರಾದ ರೆವರೆಂಡ್ ನಾರಾಯಣ ವಾಮನ ಟಿಳಕರ ಹೆಂಡತಿ. 1930ರ ದಶಕದಲ್ಲಿ ಭಾಗಗಳಾಗಿ ಪ್ರಕಟವಾದ ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ಯಲ್ಲಿ ಕಾಣುವ ಮನೆ ಒಂದು ಗಳಿಗೆಯೂ ಖಾಲಿಯಿಲ್ಲ. ಗಂಡ ಕೈಗೆ ಬಂದ ದುಡ್ಡನ್ನು ದಾರಿಯಲ್ಲೇ ಕೊಟ್ಟು ಬರುವವರು. ಅನಾಥ ಮಕ್ಕಳು, ಅತಿಥಿಗಳು, ಆಶ್ರಯ ಕೇಳಿ ಬಂದವರು ಒಲೆಯ ಸುತ್ತ ಸದಾ ಇರುವವರು. ಅಲ್ಲಿ ಶಿಸ್ತಿನ ಪಾಠಕ್ರಮ ಇರಲು ಸಾಧ್ಯವೇ ಇರಲಿಲ್ಲ. ಹಸಿದವರಿಗೆ ಬಡಿಸುವುದು, ಜಗಳವಾಡಿ ಮತ್ತೆ ಒಂದಾಗುವುದು, ನಗುವುದು, ಹಾಡುವುದು, ಇವುಗಳಲ್ಲೇ ವಿಶ್ವಾಸ ಕಾಣುತ್ತಿತ್ತು. ಟಿಳಕರು ಕ್ರಿಸ್ತನನ್ನು ಅಭಂಗದ ಧಾಟಿಯಲ್ಲಿ, ಮರಾಠಿ ಮಕ್ಕಳ ಬಾಯಿಗೆ ಒಗ್ಗುವಂತೆ ಹಾಡಿದರು. ಅವರು ಅರ್ಧದಲ್ಲಿ ಬಿಟ್ಟುಹೋದ ‘ಕ್ರಿಸ್ತಾಯನ’ ಕಾವ್ಯವನ್ನು ಶಾಲೆಯ ಓದು ಹೆಚ್ಚಿಲ್ಲದ ಲಕ್ಷ್ಮೀಬಾಯಿಯೇ ಮುಗಿಸಿದರು. ಗದ್ದಲದ ಮನೆ ಭಕ್ತಿಗೆ ಅಡ್ಡಿ ಎಂದು ವಾದಿಸುವವರು ಓದಬೇಕಾದ ಪುಸ್ತಕ ‘ಸ್ಮೃತಿಚಿತ್ರೆ’.

ಎಷ್ಟು ಹೊತ್ತು ಬೇಕು?

ಸಂಡೇ ಸ್ಕೂಲ್ ವಾರಕ್ಕೆ ಒಂದು ತಾಸು ಎಂದುಕೊಂಡರೆ, ಒಂದು ವಾರವನ್ನೂ ತಪ್ಪಿಸದ ಮಗುವಿಗೆ ವರ್ಷಕ್ಕೆ ಸಿಗುವುದು 52 ತಾಸು. ದಿನಕ್ಕೆ ಹನ್ನೆರಡು ತಾಸು ಎಚ್ಚರವಿರುವ ಅದೇ ಮಗು ವರ್ಷದಲ್ಲಿ ಕಣ್ಣು ತೆರೆದು ಕಳೆಯುವುದು 4,380 ತಾಸು. ಶಾಲೆಯ ಹೊತ್ತನ್ನು ಕಳೆದರೂ ಮನೆಯ ಪಾಲು ಚರ್ಚಿನ ಪಾಲಿನ ಹತ್ತಾರು ಪಟ್ಟು ಉಳಿಯುತ್ತದೆ. ಆ ಹೊತ್ತಿನಲ್ಲೆಲ್ಲ ಮಗು ನೋಡುತ್ತಲೇ ಇರುತ್ತದೆ: ಅಪ್ಪ ಕೂಲಿಯವರನ್ನು ಹೇಗೆ ಮಾತಾಡಿಸುತ್ತಾನೆ, ಅಮ್ಮ ಅತ್ತೆಯ ಬಗ್ಗೆ ಫೋನಿನಲ್ಲಿ ಏನು ಹೇಳುತ್ತಾಳೆ, ಊಟಕ್ಕೆ ಮೊದಲು ತಲೆಬಾಗುವ ಇಬ್ಬರೂ ಊಟದ ನಡುವೆ ಏಕೆ ಕಿರುಚಾಡುತ್ತಾರೆ. ಹಾಗಾಗಿ ಮನೆಯಲ್ಲಿ ಕಲಿಸುತ್ತೇವೋ ಇಲ್ಲವೋ ಎಂಬುದು ನಿಜವಾದ ಪ್ರಶ್ನೆಯಲ್ಲ. ಕಲಿಕೆ ನಡೆದೇ ಇದೆ. ಮಗು ಏನನ್ನು ಕಲಿಯುತ್ತಿದೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಇದಕ್ಕೆ ಅಧ್ಯಯನದ ಬೆಂಬಲವೂ ಇದೆ. ಅಮೆರಿಕದ ಸಮಾಜ ವಿಜ್ಞಾನಿ ವರ್ನ್ ಬೆಂಗ್ಟ್‌ಸನ್ 1970ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ತಲೆಮಾರುಗಳ ಉದ್ದಕ್ಕೆ ಗಮನಿಸಿ, 2013ರಲ್ಲಿ ಅದರ ಸಾರವನ್ನು ಪುಸ್ತಕವಾಗಿ ತಂದರು. ತಂದೆತಾಯಿಯ ವಿಶ್ವಾಸ ಮಕ್ಕಳಿಗೆ ದಾಟುವುದರಲ್ಲಿ ಸಂಬಂಧದಲ್ಲಿರುವ ಆತ್ಮೀಯತೆಯ ಪಾತ್ರ ದೊಡ್ಡದು, ಅದರಲ್ಲೂ ತಂದೆ ಮಕ್ಕಳಿಗೆ ಹತ್ತಿರವಾಗಿದ್ದಾನೆಯೇ ಎಂಬುದು ಮುಖ್ಯ ಎಂದು ಅವರು ಕಂಡರು. ಅಜ್ಜ ಅಜ್ಜಿಯರ ಪ್ರಭಾವವೂ ಎಣಿಸಿದ್ದಕ್ಕಿಂತ ಹೆಚ್ಚು. ಅಮೆರಿಕದ ಮಾತು ನಮ್ಮ ಮನೆಗಳಿಗೆ ಹಾಗೇ ಒಗ್ಗೀತೇ ಎಂದು ಕೇಳಬಹುದು. ಎಲ್ಲವೂ ಒಗ್ಗಲಿಕ್ಕಿಲ್ಲ. ಆದರೆ ಅಜ್ಜಿ ಮನೆಯಲ್ಲೇ ಇರುವ, ಪ್ರಾರ್ಥನೆಯನ್ನು ತಾಯಿಯ ಕೆಲಸವೆಂದು ತಂದೆ ಕೈಬಿಟ್ಟಿರುವ ನಮ್ಮಲ್ಲಿ ಈ ಎರಡು ಮಾತಿಗೆ ತೂಕ ಹೆಚ್ಚೇ ಹೊರತು ಕಡಿಮೆಯಲ್ಲ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ವಿಶ್ವಾಸದ ಮೂಲವನ್ನು ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯರಲ್ಲಿ ಗುರುತಿಸಿದ್ದೂ ಅಜ್ಜಿಯ ಪಾತ್ರಕ್ಕೆ ಸಾಕ್ಷಿ.

ರೂಢಿ ಹೇಗೆ ನಿಲ್ಲುತ್ತದೆ ಎಂಬುದನ್ನೂ ತಿಳಿದಿರಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನವೂ ನಡೆಯುವ ಯಾವುದಾದರೂ ಸಂಗತಿಗೆ ಜೋಡಿಸಿದ ಸಣ್ಣ ಕೆಲಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ನಷ್ಟವಾಗಲಿಲ್ಲ. ಮಿಜೋರಾಮಿನ ಕ್ರೈಸ್ತ ಹೆಂಗಸರು ಇದನ್ನು ಯಾವ ಅಧ್ಯಯನವೂ ಇಲ್ಲದೆ ಬಲ್ಲವರು. ಪ್ರತಿ ಸಲ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಸಭೆಗೆಂದು ಬೇರೆ ತೆಗೆದಿಡುವ ‘ಬುಹ್‌ಫೈ ಥಾಮ್’ ಪದ್ಧತಿ ಅಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿದೆ. ಕೊಡುವುದಕ್ಕೆ ಬೇರೆ ದಿನ ಗೊತ್ತುಮಾಡದೆ ಒಲೆ ಹಚ್ಚುವ ಹೊತ್ತಿಗೇ ಕಟ್ಟಿದ್ದರಿಂದ ಅದು ಬಡಮನೆಗಳಲ್ಲೂ ನಿಂತಿತು.

ದಿನದ ನಾಲ್ಕು ಹೊತ್ತು

ಮೊದಲನೆಯದು ಹೊರಡುವ ಹೊತ್ತು. ಶಾಲೆಯ ವ್ಯಾನ್ ಬಾಗಿಲಿಗೆ ಬಂದಿರುವಾಗ ಅಧ್ಯಾಯ ಓದಲಾಗದು. ಆದರೆ ಬಾಗಿಲಲ್ಲಿ ಮಗುವಿನ ತಲೆಯ ಮೇಲೆ ಕೈಯಿಟ್ಟು, ಹೆಸರು ಹಿಡಿದು, ‘ಯೇಸುಸ್ವಾಮಿ ನಿನ್ನ ಜೊತೆಗಿರಲಿ ಕಂದ, ಯಾರನ್ನೂ ನೋಯಿಸಬೇಡ’ ಎಂದು ಹೇಳಲು ಅರ್ಧ ನಿಮಿಷ ಸಾಕು. ಮಂಗಳೂರಿನ ಕೊಂಕಣಿ ಕಥೊಲಿಕ ಮನೆಗಳಲ್ಲಿ ಸಂಜೆಯ ‘ತೆರ್ಸ್’ (ಜಪಸರ) ಮುಗಿದ ಮೇಲೆ ಮಕ್ಕಳು ಹಿರಿಯರಲ್ಲಿ ‘ಬೆಸಾಂವ್’ (ಆಶೀರ್ವಾದ) ಬೇಡುವ ರೂಢಿಯಿದೆ, ಹಿರಿಯರು ಹರಸುತ್ತಾರೆ. ಪಾಳಿಯ ಕೆಲಸದಿಂದ ಸಂಜೆಯ ಜಪಸರಕ್ಕೆ ಎಲ್ಲರೂ ಸೇರಲಾಗದ ಮನೆಯವರು ಕೊನೆಗೆ ಈ ಹರಕೆಯನ್ನಾದರೂ ಬೆಳಗಿನ ಬಾಗಿಲಿಗೆ ತಂದುಕೊಳ್ಳಬಹುದು. ಇದನ್ನು ತಂದೆ ಮಾಡಿದರೆ ಇನ್ನೂ ಒಳ್ಳೆಯದು.

ಎರಡನೆಯದು ಊಟದ ಹೊತ್ತು. ದಿನಕ್ಕೆ ಒಂದು ಊಟವನ್ನಾದರೂ ಟಿ.ವಿ., ಮೊಬೈಲ್ ಇಲ್ಲದೆ ಮಾಡಿ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಸ್ಕ್ರೀನ್ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟದ ಹೊತ್ತು ಅದನ್ನು ಕಡಿಮೆ ಮಾಡಲು ತಕ್ಕ ಜಾಗ. ಊಟದ ಪ್ರಾರ್ಥನೆಯನ್ನು ಸರದಿಯಂತೆ ಮಕ್ಕಳಿಗೇ ಬಿಡಿ. ಕಂಠಪಾಠದ ಸಾಲುಗಳ ಜೊತೆ ಒಂದು ಹೊಸ ಮಾತು ಸೇರಿಸಲು ಹೇಳಿ: ಈ ಅನ್ನ ಯಾರಿಂದ ಬಂತು? ಈರುಳ್ಳಿ ಕಿತ್ತವರಿಗೆ, ಗ್ಯಾಸ್ ಸಿಲಿಂಡರ್ ತಂದುಕೊಟ್ಟವರಿಗೆ, ಅಡುಗೆ ಮಾಡಿದ ಅಜ್ಜಿಗೆ ವಂದನೆ ಸಲ್ಲಲಿ. ಕರಾವಳಿಯ ಕಥೊಲಿಕರ ಮೊಂತಿ ಫೆಸ್ತ್ ಇದನ್ನೇ ಹಬ್ಬವಾಗಿಸಿದೆ. ಸೆಪ್ಟೆಂಬರ್ 8ಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹರಸಿದ ಹೊಸ ತೆನೆ ಮನೆಗೆ ಬಂದು, ಅದರ ಕಾಳು ಮನೆಯವರೆಲ್ಲರ ಪಾಲಿಗೆ ಊಟದಲ್ಲಿ ಸೇರುತ್ತದೆ. ಹೂ ಹೊತ್ತು ಹೋದ ಮಗುವಿಗೆ ಕೃತಜ್ಞತೆ ಎಂದರೇನೆಂದು ಬೇರೆ ಪಾಠ ಬೇಕಿಲ್ಲ.

ಮೂರನೆಯದು ದಾರಿಯ ಹೊತ್ತು. ಬೈಕಿನ ಮುಂದೆ ಕೂತ ಮಗು, ಬಸ್ಸಿನಲ್ಲಿ ತೊಡೆಯ ಮೇಲಿರುವ ಮಗು ಪ್ರಶ್ನೆ ಕೇಳದೆ ಇರುವುದಿಲ್ಲ. ಕತೆ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಒಂದೇ ಕತೆ ಸಾಕು. ಕಳೆದುಹೋದ ಕುರಿ, ಮರ ಹತ್ತಿದ ಜಕ್ಕಾಯ, ಬಿರುಗಾಳಿಗೆ ಸಿಕ್ಕಿದ ದೋಣಿ, ಐದು ರೊಟ್ಟಿ ಎರಡು ಮೀನು, ದಯಾಳುವಾದ ಸಮಾರ್ಯದವನು. ಸೋಮವಾರ ನೀವು ಹೇಳಿ, ಗುರುವಾರ ಮಗು ಹೇಳಲಿ, ಶನಿವಾರ ಮಗು ತಮ್ಮನಿಗೋ ಅಜ್ಜಿಗೋ ಹೇಳಲಿ. ಒಂದೇ ಕತೆಯನ್ನು ಮತ್ತೆ ಮತ್ತೆ ಕೇಳುವ ಆಸೆ ಈ ವಯಸ್ಸಿನ ಗುಣ. ಬೇಸರ ನಮಗೆ ಮಾತ್ರ. ಕೊನೆಯಲ್ಲಿ ನೀತಿ ಹೇಳಿ ಮುಗಿಸಬೇಡಿ. ‘ಆ ಕುರಿಗೆ ಕತ್ತಲಲ್ಲಿ ಏನನ್ನಿಸಿರಬಹುದು?’ ಎಂದು ಕೇಳಿ ಬಿಡಿ. ಅಬ್ರಹಾಮನು ಮಗನನ್ನು ಬಲಿಗೆ ಕರೆದೊಯ್ದಂಥ ಕತೆಗಳು ದೊಡ್ಡವರನ್ನೂ ನಡುಗಿಸುವಂಥವು. ಪ್ರಶ್ನೆ ಕೇಳಿ ಉತ್ತರ ತಾಳಿಕೊಳ್ಳುವ ವಯಸ್ಸು ಬರುವವರೆಗೆ ಅವು ಕಾಯಲಿ.

ನಾಲ್ಕನೆಯದು ಮಲಗುವ ಹೊತ್ತು. ಮೂರು ವಾಕ್ಯದ ಪ್ರಾರ್ಥನೆ ಸಾಕು: ಈ ದಿನದ ಒಂದು ಒಳ್ಳೆಯದಕ್ಕೆ ವಂದನೆ, ಒಂದು ತಪ್ಪಿಗೆ ಕ್ಷಮೆ, ಮನೆಯ ಹೊರಗಿನ ಒಬ್ಬರಿಗಾಗಿ ಬೇಡಿಕೆ. ಮೂರನೆಯದನ್ನು ಬಿಡಬೇಡಿ, ತನಗಾಗಿ ಮಾತ್ರ ಬೇಡಲು ಕಲಿತ ಮಗುವಿಗೆ ದೇವರು ಅಂಗಡಿಯವನಂತೆ ಕಾಣುತ್ತಾನೆ. ಹದಿನೇಳನೆಯ ಶತಮಾನದ ಕೊನೆ, ಹದಿನೆಂಟನೆಯದರ ಆರಂಭದ ಇಂಗ್ಲೆಂಡಿನಲ್ಲಿ ಹತ್ತೊಂಬತ್ತು ಮಕ್ಕಳನ್ನು ಹೆತ್ತು ಹತ್ತನ್ನು ಉಳಿಸಿಕೊಂಡ ಸುಸನ್ನಾ ವೆಸ್ಲಿ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆಂದು ಹಂಚಿಟ್ಟಿದ್ದರು. ಮೆಥಡಿಸ್ಟ್ ಚಳವಳಿ ಹುಟ್ಟುಹಾಕಿದ ಜಾನ್‌ನ ಪಾಲಿಗೆ ಗುರುವಾರ. ಒಂದಕ್ಕಿಂತ ಹೆಚ್ಚು ಮಕ್ಕಳಿರುವ ಮನೆಯಲ್ಲಿ ಇದನ್ನು ಹತ್ತು ನಿಮಿಷಕ್ಕೆ ಇಳಿಸಿಕೊಳ್ಳಬಹುದು: ವಾರದಲ್ಲಿ ಒಂದು ರಾತ್ರಿ ಒಂದು ಮಗುವಿನ ಪಕ್ಕ ಮಾತ್ರ ಕೂತು ಅದು ಹೇಳಿದ್ದನ್ನು ಕೇಳುವುದು.

ಹಟ, ಜಗಳ, ಬೆತ್ತ

ಮಕ್ಕಳಿಗೆ ಕ್ರೈಸ್ತ ಶಿಸ್ತು ಎಂದರೆ ಬೆತ್ತ ಎಂದು ನಂಬಿದವರು ಇನ್ನೂ ಇದ್ದಾರೆ. ಜ್ಞಾನೋಕ್ತಿಗಳಲ್ಲಿ ಬೆತ್ತದ ಮಾತಿರುವುದೂ ನಿಜ. ಆದರೆ ಅದೇ ಸತ್ಯವೇದದ 23ನೆಯ ಕೀರ್ತನೆಯಲ್ಲಿ ಕುರುಬನ ದೊಣ್ಣೆ ಹೆದರಿಸುವುದಿಲ್ಲ, ಧೈರ್ಯ ಕೊಡುತ್ತದೆ. ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಗಳಲ್ಲಿ ಪೌಲನು ತಂದೆಗಳನ್ನೇ ಎಚ್ಚರಿಸಿದ್ದಾನೆ: ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗುತ್ತದೆ. ಕಾನೂನೇ ತಂದೆಗೆ ಅಪಾರ ಅಧಿಕಾರ ಕೊಟ್ಟಿದ್ದ ರೋಮನ್ ಕಾಲದಲ್ಲಿ ಆಡಿದ ಮಾತದು. ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 75 ಅಧ್ಯಯನಗಳನ್ನು ಕಲೆಹಾಕಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಹೊಡೆತಕ್ಕೂ ಒಳ್ಳೆಯ ನಡತೆಗೂ ನಂಟು ಕಾಣಲಿಲ್ಲ. ಆಕ್ರಮಣಶೀಲತೆ, ಮನೋವೇದನೆಗಳ ಜೊತೆ ನಂಟು ಕಂಡಿತು. ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಶಾಲೆಯ ಮೇಷ್ಟ್ರಿಗೆ ತಕ್ಕುದಲ್ಲದ್ದು ಪ್ರೀತಿಯ ದೇವರ ಹೆಸರು ಹೇಳುವ ತಂದೆಗೆ ತಕ್ಕುದಾಗುವುದು ಹೇಗೆ?

ಹೊಡೆಯದಿದ್ದರೆ ಮಕ್ಕಳು ಕೆಡುವುದಿಲ್ಲವೇ ಎಂಬ ಆಕ್ಷೇಪ ಸಹಜ. ಹೊಡೆಯದಿರುವುದು ಬೇರೆ, ಬಿಟ್ಟುಬಿಡುವುದು ಬೇರೆ. ಕಸಿದುಕೊಂಡ ಆಟಿಕೆ ಹಿಂದಿರುಗಬೇಕು, ಚೆಲ್ಲಿದ ಹಾಲನ್ನು ಚೆಲ್ಲಿದವರೇ ಒರೆಸಬೇಕು, ಬೈದ ಮಾತಿಗೆ ಕ್ಷಮೆ ಕೇಳಬೇಕು. ‘ಸಾರಿ’ ಎಂಬ ಒಂದು ಶಬ್ದಕ್ಕೆ ಮುಗಿಸದೆ, ಮಾಡಿದ ತಪ್ಪನ್ನು ಹೆಸರಿಸಿ, ಅದನ್ನು ಸರಿಪಡಿಸುವ ಒಂದು ಕೆಲಸ ಮಾಡಿಸಿ. ದಣಿದ ಸಂಜೆ ನೀವೇ ವಿನಾಕಾರಣ ಗದರಿದ್ದರೆ ಮಲಗುವ ಮೊದಲು ಮಗುವಿನಲ್ಲಿ ಕ್ಷಮೆ ಕೇಳಿ. ಹಿರಿತನ ಕಡಿಮೆಯಾಗುತ್ತದೆಂಬ ಭಯ ಬೇಡ. ಪಾಪ, ಪಶ್ಚಾತ್ತಾಪ, ಕ್ಷಮೆ ಎಂಬ ಕ್ರೈಸ್ತ ವಿಶ್ವಾಸದ ತಿರುಳನ್ನು ಮಗು ಕಣ್ಣಾರೆ ಕಾಣುವುದು ಅಲ್ಲೇ.

ಬಲವಂತವಲ್ಲವೇ?

ದೊಡ್ಡವರಾದ ಮೇಲೆ ಮಕ್ಕಳೇ ತಮ್ಮ ಧರ್ಮ ಆರಿಸಿಕೊಳ್ಳಲಿ, ಈಗಿನಿಂದಲೇ ತಲೆಗೆ ತುಂಬುವುದೇಕೆ ಎಂದು ಕೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವಿನ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ, ಮಗು ಬೆಳೆದಂತೆ ಅದಕ್ಕೆ ತಕ್ಕ ಹಾಗೆ ದಾರಿ ತೋರುವ ತಂದೆತಾಯಿಯ ಹೊಣೆಯನ್ನೂ ಒಂದೇ ವಿಧಿಯಲ್ಲಿ ಹೇಳಿದೆ. ಎರಡೂ ಒಟ್ಟಿಗಿರಬಲ್ಲವು. ಒಂದು ನಂಬಿಕೆಯನ್ನು ಒಳಗಿನಿಂದ ಬಲ್ಲವನಿಗೆ ಅದನ್ನು ಒಪ್ಪುವ ಸ್ವಾತಂತ್ರ್ಯವೂ ಇದೆ, ಬಿಡುವ ಸ್ವಾತಂತ್ರ್ಯವೂ ಇದೆ. ಏನನ್ನೂ ಕಾಣದವನಿಗೆ ಆರಿಸಲು ಏನೂ ಇರುವುದಿಲ್ಲ. ಟಿಳಕರ ಬದುಕು ಇಲ್ಲಿಯೂ ದಾರಿ ತೋರುತ್ತದೆ. ಗಂಡ 1895ರಲ್ಲಿ ದೀಕ್ಷಾಸ್ನಾನ ಪಡೆದ, ಹೆಂಡತಿ ವರ್ಷಗಟ್ಟಲೆ ಅಗಲಿ ಇದ್ದಳು, ತನ್ನದೇ ವಿಚಾರದ ಹಾದಿಯಲ್ಲಿ ಬಂದು 1900ರಲ್ಲಿ ದೀಕ್ಷಾಸ್ನಾನ ಪಡೆದಳು. ಕಾದದ್ದರಿಂದ ಆ ವಿಶ್ವಾಸ ಗಟ್ಟಿಯಾಯಿತು. ಮಕ್ಕಳ ವಿಷಯದಲ್ಲೂ ಹೀಗೆಯೇ: ಪ್ರಾರ್ಥನೆಗೆ ಕರೆಯಿರಿ, ಬಾಯಿ ಬಿಡದ ದಿನ ಗದರಬೇಡಿ, ‘ದೇವರು ಏಕೆ ಕಾಣುವುದಿಲ್ಲ?’ ಎಂದರೆ ಬಾಯಿ ಮುಚ್ಚಿಸಬೇಡಿ. ‘ದೇವರು ಶಿಕ್ಷೆ ಕೊಡ್ತಾನೆ’ ಎಂಬ ಬೆದರಿಕೆಯನ್ನು ಊಟ ಮಾಡಿಸಲು, ಮಲಗಿಸಲು ಬಳಸಬೇಡಿ. ದಿನವೂ ಅದನ್ನೇ ಹೇಳಿದರೆ ಯಾಂತ್ರಿಕವಾಗುವುದಿಲ್ಲವೇ ಎಂಬ ಸಂಶಯಕ್ಕೂ ಉತ್ತರ ಇಲ್ಲೇ ಇದೆ. ಚಿಕ್ಕ ಮಗುವಿಗೆ ಮೊದಲು ರೂಢಿ, ಆಮೇಲೆ ಅರ್ಥ. ಪ್ರಶ್ನೆಗೆ ಜಾಗವಿರುವ ಮನೆಯಲ್ಲಿ ರೂಢಿ ಜಡವಾಗುವುದಿಲ್ಲ.

ಭಾಷೆ ಮತ್ತು ನೆರೆಹೊರೆ

ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡ ಕ್ರೈಸ್ತ ಮನೆಯ ಮಗುವಿಗೆ ಶಾಲೆ ಇಂಗ್ಲಿಷ್, ಚರ್ಚು ಮರಾಠಿ, ಮನೆ ಕನ್ನಡ. ಪ್ರಾರ್ಥನೆ ಯಾವ ಭಾಷೆಯಲ್ಲಿರಲಿ? ಮಗು ಯಾವ ಭಾಷೆಯಲ್ಲಿ ಅಳುತ್ತದೋ ಆ ಭಾಷೆಯಲ್ಲಿರಲಿ. ಮಿಷನರಿ ಜಾನ್ ಹ್ಯಾಂಡ್ಸ್ ಸಂಗಡಿಗರೊಂದಿಗೆ ಬಳ್ಳಾರಿಯಲ್ಲಿ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದದ್ದೂ, ಕಿಟೆಲ್ ಯೇಸುವಿನ ಕತೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ ಬರೆದದ್ದೂ, ಟಿಳಕರು ಅಭಂಗ ಹಿಡಿದದ್ದೂ ಇದೇ ತಿಳಿವಳಿಕೆಯಿಂದ. ಭಾನುವಾರ ಚರ್ಚಿನಲ್ಲಿ ಕೇಳಿದ ಕತೆಯನ್ನು ಮನೆಗೆ ಬಂದು ಕನ್ನಡದಲ್ಲಿ ಮತ್ತೆ ಹೇಳಿಸಿದರೆ ಎರಡೂ ಭಾಷೆ ಉಳಿಯುತ್ತವೆ.

ನೆರೆಯವರ ನಂಬಿಕೆಯನ್ನು ಕೀಳುಮಾಡಿ ಮಾತಾಡುವುದನ್ನು ಮಕ್ಕಳ ಮುಂದೆ ಮಾತ್ರವಲ್ಲ, ಹಿಂದೆಯೂ ಬಿಡಬೇಕು. ಸಟಾಣಾದ ಜನ ಇಂದಿಗೂ ಪೂಜಿಸುವ ‘ದೇವಮಾಮಲೇದಾರ’ ಯಶವಂತ ಮಹಾರಾಜರು ಅಲ್ಲಿ ಮಾಮಲೇದಾರರಾಗಿ (ತಾಲೂಕಿನ ಕಂದಾಯ ಅಧಿಕಾರಿಯಾಗಿ) ಇದ್ದವರು. 1870–71ರ ಬರಗಾಲದಲ್ಲಿ ಸರ್ಕಾರಿ ಖಜಾನೆಯನ್ನು ಹಸಿದವರಿಗೆ ತೆರೆದರೆಂದು ಊರು ನೆನೆಯುತ್ತದೆ. ಅವರ ಜಾತ್ರೆಯ ಸದ್ದು ಕೇಳಿ ‘ಅದೇನು?’ ಎಂದು ಕೇಳುವ ಕ್ರೈಸ್ತ ಮಗುವಿಗೆ ಆ ಕರುಣೆಯ ಕತೆಯನ್ನು ಗೌರವದಿಂದ ಹೇಳಬಹುದು. ಯೇಸು ಹೇಳಿದ ಸಮಾರ್ಯದವನ ಕತೆಯಲ್ಲೂ ದಯೆ ತೋರಿದವನು ಬೇರೆ ಗುಂಪಿನವನೇ. ತನ್ನ ವಿಶ್ವಾಸದಲ್ಲಿ ಬೇರೂರಿದ ಮಗು ನೆರೆಯವರ ಒಳ್ಳೆಯತನಕ್ಕೆ ಅಂಜುವುದಿಲ್ಲ.

ಇಷ್ಟನ್ನೂ ನಾಳೆಯೇ ಆರಂಭಿಸಲು ಹೋಗಬೇಡಿ. ಮತ್ತೆ ಮೂರನೆಯ ದಿನಕ್ಕೆ ನಿಲ್ಲುತ್ತದೆ. ನಾಲ್ಕು ಹೊತ್ತಿನಲ್ಲಿ ನಿಮ್ಮ ಮನೆಗೆ ಸುಲಭವಾದ ಒಂದನ್ನು ಆರಿಸಿ, ಅದನ್ನು ಮಾತ್ರ ಎರಡು ತಿಂಗಳು ನಡೆಸಿ. ತಪ್ಪಿದ ದಿನಗಳ ಲೆಕ್ಕವಿಡಬೇಡಿ, ಮರುದಿನ ಮುಂದುವರಿಸಿ. ಅಜ್ಜಿ ಇದ್ದರೆ ಅವರನ್ನು ಸೇರಿಸಿಕೊಳ್ಳಿ. ತಂದೆಯಾದವರು ಇದು ತಾಯಿಯ ಕೆಲಸವೆಂದು ಜಾರಿಕೊಳ್ಳಬೇಡಿ. ಮೊದಲನೆಯದು ಯಾರೂ ನೆನಪಿಸದೆ ನಡೆಯತೊಡಗಿದ ಮೇಲೆ ಎರಡನೆಯದನ್ನು ಸೇರಿಸಿ.